ಹಳೇ ಗಾಡಿಗೆ ಸ್ಟೇನ್‌ಲೆಸ್ ಬೋಲ್ಟ್: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಹಳೇ ಗಾಡಿ ಬಿಚ್ಚಲು ಕೂತರೆ ಅರ್ಧ ದಿನ ತುಕ್ಕು ಹಿಡಿದ ಬೋಲ್ಟ್‌ಗಳ ಜೊತೆ ಗುದ್ದಾಡುವುದರಲ್ಲೇ ಹೋಗುತ್ತದೆ. ಸುಮ್ನೆ ಎಲ್ಲಾ ಕಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಬಿಡೋಣ ಅನ್ನಿಸುವುದು ಆಗಲೇ. ಹಾಕಿ, ಆದರೆ ಎಲ್ಲಾ ಕಡೆ ಬೇಡ.

ಮೊದಲು ಬೋಲ್ಟಿನ ತಲೆ ಓದಿ. ಸ್ಟೇನ್‌ಲೆಸ್ ಬೋಲ್ಟ್ ಮೇಲೆ ಸಾಮಾನ್ಯವಾಗಿ ‘ಎ2-70’ ಎಂದಿರುತ್ತದೆ. ಅಂದರೆ 700 ಮೆಗಾಪಾಸ್ಕಲ್ (ಲೋಹದ ಶಕ್ತಿ ಅಳೆಯುವ ಮಾನ) ಎಳೆತ ತಡೆಯುತ್ತದೆ. ಬಿಚ್ಚಿದ ಹಳೇ ಬೋಲ್ಟ್ ಮೇಲೆ 8.8 ಎಂದಿದ್ದರೆ ಅದರ ಶಕ್ತಿ 800. 10.9 ಇದ್ದರೆ ಸಾವಿರಕ್ಕೂ ಜಾಸ್ತಿ. ಹೊಳೆಯುವ ಹೊಸದೇ ಮೆದು! ಹಾಗಾಗಿ ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಸೀಟ್ ಬೆಲ್ಟ್, ಸಿಲಿಂಡರ್ ಹೆಡ್ ಇವುಗಳಿಗೆ ಗಾಡಿ ಪುಸ್ತಕದಲ್ಲಿ ಹೇಳಿದ ಬೋಲ್ಟೇ ಇರಲಿ. ಮಡ್‌ಗಾರ್ಡ್, ನಂಬರ್ ಪ್ಲೇಟ್, ಸೈಡ್ ಕವರ್, ದೀಪದ ರಿಂಗ್‌ಗೆ ಧಾರಾಳವಾಗಿ ಸ್ಟೇನ್‌ಲೆಸ್ ಹಾಕಿ.

ಆಮೇಲೆ ಥ್ರೆಡ್, ಅಂದರೆ ಬೋಲ್ಟಿನ ಸುರುಳಿ ಗೆರೆ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಇಂಚಿನ ಅಳತೆ ಇರುತ್ತದೆ. ಕಾಲು ಇಂಚು ಅಂದರೆ 6.35 ಮಿ.ಮೀ. ಆ ತೂತಿಗೆ 6 ಮಿ.ಮೀ. ಬೋಲ್ಟ್ ಹಾಕಿದರೆ ಕೂತಂತೆ ಕಾಣುತ್ತದೆ, ಬಿಗಿ ಮಾಡಿದಾಗ ಥ್ರೆಡ್ಡೇ ಕಿತ್ತು ಬರುತ್ತದೆ. ಹೊಸ ಬೋಲ್ಟನ್ನು ಬರಿಗೈಯಲ್ಲೇ ತಿರುಗಿಸಿ ನೋಡಿ. ಅಲುಗಾಡದೆ, ಸಲೀಸಾಗಿ ಪೂರ್ತಿ ಹೋಗಬೇಕು.

ಹೆಚ್ಚಿನವರು ಎಡವುವುದು ಬಿಗಿ ಮಾಡುವಾಗ. ಸ್ಟೇನ್‌ಲೆಸ್ ನಟ್, ಸ್ಟೇನ್‌ಲೆಸ್ ಬೋಲ್ಟ್ ಎರಡನ್ನೂ ಒಣಗಿದ್ದಂತೆಯೇ ಜೋರಾಗಿ ತಿರುಗಿಸಿದರೆ ಮೇಲಿನ ತೆಳು ಪದರ ಉಜ್ಜಿಹೋಗಿ, ಲೋಹಕ್ಕೆ ಲೋಹ ಅಂಟಿಕೊಳ್ಳುತ್ತದೆ. ನನಗೂ ಆಗಿದೆ. ಮಡ್‌ಗಾರ್ಡಿನ ನಟ್ ಅರ್ಧ ದಾರಿಯಲ್ಲಿ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮುಟ್ಟಿದರೆ ಬಿಸಿ. ಕೊನೆಗೆ ಹ್ಯಾಕ್ಸಾದಲ್ಲಿ ಕೊಯ್ದೆ. ಆದ್ದರಿಂದ ಥ್ರೆಡ್ಡಿಗೆ ಆಂಟಿ-ಸೀಜ್ ಪೇಸ್ಟ್ (ಕಚ್ಚಿಕೊಳ್ಳದಂತೆ ತಡೆಯುವ ಜಾರು ಪೇಸ್ಟ್) ಸವರಿ, ಕೈ ಸ್ಪ್ಯಾನರ್‌ನಲ್ಲಿ ನಿಧಾನಕ್ಕೆ ತಿರುಗಿಸಿ. ರಭಸವಾಗಿ ತಿರುಗಿಸುವ ಇಂಪ್ಯಾಕ್ಟ್ ಗನ್ ಮೆಷಿನ್ ಬೇಡವೇ ಬೇಡ. ತಿರುಗಿಸುವಾಗ ತಡೆದಂತೆ ಅನಿಸಿದರೆ ತಕ್ಷಣ ನಿಲ್ಲಿಸಿ, ಹಿಂದಕ್ಕೆ ಬಿಚ್ಚಿ. ಪೇಸ್ಟ್ ಇದ್ದಾಗ ಜಾರಿಕೆ ಜಾಸ್ತಿ, ಒಣ ಥ್ರೆಡ್ಡಿಗೆ ಹೇಳಿದಷ್ಟು ಬಿಗಿ ಕೊಡಬೇಡಿ.

ಅಲ್ಯೂಮಿನಿಯಂ ಭಾಗಕ್ಕೆ ಹಾಕುವಾಗ ಇನ್ನೊಂದು ತಾಪತ್ರಯವಿದೆ. ನೀರು ಸೇರಿದರೆ, ಅದರಲ್ಲೂ ಉಪ್ಪು ನೀರು, ಸ್ಟೇನ್‌ಲೆಸ್ಸಿಗೆ ಏನೂ ಆಗುವುದಿಲ್ಲ. ಪಕ್ಕದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ, ಬೋಲ್ಟ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಇಲ್ಲೂ ಪೇಸ್ಟ್ ಹಚ್ಚಿ, ತಲೆಯ ಕೆಳಗೆ ನೈಲಾನ್ ವಾಷರ್ ಕೊಡಿ. ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಮತ್ತೆ ಪೇಸ್ಟ್ ಸವರಿ ಹಾಕಿ.