ಕೂದಲೆಳೆ ಅಂತರದ ರ್‍ಯಾಪ್ ಬ್ಯಾಟಲ್‌ಗೆ ತೀರ್ಪು ಕೊಡುವುದು ಹೇಗೆ

"ನಾನು ಸೋತಿದ್ದು ಯಾವ ರೌಂಡಲ್ಲಿ ಸರ್?"

ಬ್ಯಾಟಲ್ ಮುಗಿದ ಮೇಲೆ ಆ ಹುಡುಗಿ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ. ಬ್ಯಾಟಲ್ ಅಂದರೆ ಇಬ್ಬರು ರ್‍ಯಾಪರ್‌ಗಳು ಸರದಿ ಪ್ರಕಾರ ಪ್ರಾಸದ ಸಾಲುಗಳಲ್ಲೇ ಒಬ್ಬರನ್ನೊಬ್ಬರು ಹಂಗಿಸುವ ಸ್ಪರ್ಧೆ. ಮೂವರು ಜಡ್ಜ್‌ಗಳಿದ್ದೆವು. ಫಲಿತಾಂಶ 2-1. ಅವಳ ವಿರುದ್ಧ ಬಿದ್ದ ಎರಡು ವೋಟುಗಳಲ್ಲಿ ಒಂದು ನನ್ನದು. ನನ್ನ ಹಾಳೆ ನೋಡಿಕೊಂಡೆ. ಎರಡು ಹೆಸರು, ಅವುಗಳ ಕೆಳಗೆ ಒಂದಿಷ್ಟು ಟಿಕ್ ಮಾರ್ಕು. ಯಾವ ಟಿಕ್ ಯಾವ ಸಾಲಿಗೆ ಅಂತ ನನಗೇ ಗೊತ್ತಾಗಲಿಲ್ಲ.

ಆ ರಾತ್ರಿ ವಿಡಿಯೊ ಹಾಕಿಕೊಂಡು ಕೂತೆ. ಎರಡನೇ ರೌಂಡಲ್ಲಿ ಹುಡುಗ ಅವಳನ್ನು ಹಂಗಿಸಿದ್ದ: ಎಲ್ಲ ಮನೆಯಲ್ಲೇ ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದೀಯ ಅಂತ. ಕೊನೆಗೆ "ನಿನ್ನ ಮುಖ ನೋಡಿದ್ರೆ ಕನ್ನಡೀನೂ ಒಡೆಯತ್ತೆ" ಅಂದ. ಜನ ಕುಣಿದಾಡಿದರು. ಆ ಗದ್ದಲ ಇಳಿಯುವ ಮೊದಲೇ ಅವಳು ಶುರು ಮಾಡಿದಳು: "ಹೌದು, ಬರೆದೇ ತಂದೆ. ಬರೆ ಬಿದ್ದಿದ್ದು ನಿಂಗೆ."

ಒಂದೇ ಪದ, ಎರಡು ಅರ್ಥ. ಬರೆದದ್ದೂ ಬರೆ, ಸುಟ್ಟದ್ದೂ ಬರೆ. ಅವನ ಆರೋಪವನ್ನೇ ಹಿಡಿದು, ನಿಂತ ಜಾಗದಲ್ಲೇ ತಿರುಗಿಸಿದ್ದಳು. ಮುಂದಿನ ಸಾಲಲ್ಲೇ ಕೂತಿದ್ದ ನನಗೆ ಅದು ಕೇಳಿಸಿರಲಿಲ್ಲ. ಅವತ್ತಿನಿಂದ ನಾನು ಜಡ್ಜ್ ಮಾಡುವ ರೀತಿಯನ್ನೇ ಬದಲಾಯಿಸಿದೆ. ಮೊದಲ ಸಲ ಆ ಕುರ್ಚಿಯಲ್ಲಿ ಕೂರುವವರಿಗೆ ಅದನ್ನು ಹೇಳುತ್ತೇನೆ.

ಶುರುವಾಗುವ ಮೊದಲು ನಿಯಮ ಕೇಳಿಕೊಳ್ಳಿ. ಎಷ್ಟು ರೌಂಡು, ಎಷ್ಟು ಹೊತ್ತು, ಬೀಟ್ ಇದೆಯಾ ಇಲ್ವಾ, ಬರೆದುಕೊಂಡು ಬಂದದ್ದು ನಡೆಯುತ್ತದಾ ಅಥವಾ ಪೂರ್ತಿ ಫ್ರೀಸ್ಟೈಲಾ, ಅಂದರೆ ನಿಂತಲ್ಲೇ ಕಟ್ಟಿ ಹೇಳುವುದಾ. ಬರೆದ ಬ್ಯಾಟಲ್‌ನಲ್ಲಿ "ಬರೆದು ತಂದ" ಅಂತ ಅಂಕ ಕಡಿಯುವುದು ತಪ್ಪು. ಮುಖ್ಯವಾಗಿ, ಸಮ ಆದರೆ ಏನು ಅಂತ ಕೇಳಿ. ಇನ್ನೊಂದು ರೌಂಡ್ ಆಡಿಸುವ ಅವಕಾಶ ಇದ್ದರೆ ಅದನ್ನು ಬಳಸಲು ಹಿಂಜರಿಯಬೇಡಿ. ಸ್ಪ್ಯಾನಿಷ್ ಭಾಷೆಯ ಎಫ್‌ಎಂಎಸ್ ಫ್ರೀಸ್ಟೈಲ್ ಲೀಗ್‌ನಲ್ಲಿ ಈ ಹೆಚ್ಚುವರಿ ಸುತ್ತಿಗೆ ರೆಪ್ಲಿಕಾ ಅನ್ನುತ್ತಾರೆ. ಅಲ್ಲಿ ನೇರವಾಗಿ ಗೆದ್ದರೆ 3 ಪಾಯಿಂಟ್, ರೆಪ್ಲಿಕಾದಲ್ಲಿ ಗೆದ್ದರೆ 2, ಅದರಲ್ಲಿ ಸೋತವರಿಗೂ 1. ಕೂದಲೆಳೆಯಲ್ಲಿ ಸೋತವರು ಬರಿಗೈಲಿ ಹೋಗುವುದಿಲ್ಲ. ನನಗೆ ಈ ಲೆಕ್ಕ ತುಂಬಾ ಇಷ್ಟ.

ಈಗ ಹಾಳೆ. ಟಿಕ್ ಹಾಕಬೇಡಿ, ಮಾತು ಬರೆಯಿರಿ. ಪ್ರತಿ ರೌಂಡಿಗೂ ಬೇರೆ ಹಾಳೆ, ನಡುವೆ ಒಂದು ಗೆರೆ, ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು. ಸಾಲು ಪೂರ್ತಿ ಬರೆಯಲು ಆಗಲ್ಲ, ಎರಡು ಪದ ಸಾಕು: "ಕನ್ನಡಿ ಒಡೆ", "ಬರೆ ನಿಂಗೆ". ಪಕ್ಕದಲ್ಲಿ ಒಂದಕ್ಷರ ಹಾಕುತ್ತೇನೆ. ಪಂಚ್ (ಎದುರಾಳಿಗೆ ನಾಟುವ ಸಾಲು) ಆದರೆ ಪ, ಎದುರಾಳಿಗೆ ಕೊಟ್ಟ ಉತ್ತರ ಆದರೆ ಉ, ತಡವರಿಸಿದರೆ ತ. ಜನ ಕೂಗಿದರೆ ಸಾಲಿನ ಸುತ್ತ ಒಂದು ಸುತ್ತು. ಕೂಗಾಟವನ್ನು ಹೀಗೆ ಬೇರೆಯಾಗಿ ಗುರುತಿಸಿಟ್ಟರೆ ಅದು ಪಂಚ್ ಲೆಕ್ಕಕ್ಕೆ ಸೇರಿಕೊಳ್ಳುವುದಿಲ್ಲ. ಒಬ್ಬರು ಮುಗಿಸಿದ ಕೂಡಲೇ ಇನ್ನೊಬ್ಬರ ಮೊದಲ ಸಾಲಿಗೆ ಕಿವಿ ಕೊಡಿ. ಉತ್ತರ ಬರುವುದು ಅಲ್ಲೇ, ಗದ್ದಲದಲ್ಲಿ ಕಳೆದುಹೋಗುವುದೂ ಅಲ್ಲೇ.

ಒಂದು ಸಾಲು ಎಷ್ಟು ಗಟ್ಟಿ ಅಂತ ನೋಡಲು ನನ್ನದೊಂದು ಪ್ರಶ್ನೆ ಇದೆ: ಇದನ್ನು ಬೇರೆ ಯಾರಿಗಾದರೂ ಹೇಳಬಹುದಿತ್ತಾ? ಕನ್ನಡಿ ಸಾಲನ್ನು ಯಾರ ಮುಖಕ್ಕಾದರೂ ಹೇಳಬಹುದು. ಬರೆ ಸಾಲನ್ನು ಆ ಹುಡುಗನಿಗೆ, ಆ ಕ್ಷಣದಲ್ಲಿ ಮಾತ್ರ ಹೇಳಲು ಸಾಧ್ಯ. ಇನ್ನೊಂದು ಉದಾಹರಣೆ. ಬೇರೆಯವರ ಸಾಲು ಕದಿಯುತ್ತಾನೆ ಅಂತ ಹೆಸರು ಕೆಡಿಸಿಕೊಂಡವನ ಎದುರು ಒಬ್ಬ ಹೇಳಿದ್ದ: "ನಿನ್ನ ಸಾಲೆಲ್ಲ ಸಾಲ, ತೀರಿಸೋಕೆ ಸಾಲಲ್ಲ ಕಾಲ." ಪ್ರಾಸ ಇದೆ, ಶ್ಲೇಷೆ ಇದೆ, ಜತೆಗೆ ಎದುರಿಗಿದ್ದವನಿಗೇ ಅಂಟಿಕೊಳ್ಳುವ ಸತ್ಯ ಇದೆ. ಬರೀ ಪ್ರಾಸಕ್ಕೆ ಅಂಕ ಸುರಿಯಬೇಡಿ. 1981ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ವರ್ಲ್ಡ್ ಕ್ಲಬ್ಬಿನಲ್ಲಿ ರ್‍ಯಾಪರ್ ಕೂಲ್ ಮೋ ಡೀ ಇನ್ನೊಬ್ಬ ರ್‍ಯಾಪರ್ ಬಿಝಿ ಬೀಯನ್ನು ಎದುರಿಸಿದ್ದು ಎದುರಾಳಿಗೇ ಅಂಟಿಕೊಳ್ಳುವ ಇಂಥ ಸಾಲುಗಳಿಂದಲೇ. ಬಿಝಿ ಬೀ ಜನರನ್ನು ಕುಣಿಸುವುದರಲ್ಲಿ ಎತ್ತಿದ ಕೈ. ಮೋ ಡೀ ಅವನ ಶೈಲಿಯನ್ನೇ ಹಿಡಿದು ಎಳೆದಾಡಿದ.

ಹಾಗಂತ ಜನರ ಕೂಗಿಗೆ ಬೆಲೆಯೇ ಇಲ್ಲ ಅಂತಲ್ಲ. ಸಾಲು ತಲುಪಿತಾ ಇಲ್ವಾ ಅನ್ನುವುದಕ್ಕೆ ಅದು ಸಾಕ್ಷಿ. ಆದರೆ ಯಾರು ಕೂಗಿದರು ಅಂತ ನೋಡಿ. ಗೆಳೆಯರ ಗುಂಪು ಸಾಲು ಮುಗಿಯುವ ಮೊದಲೇ ಕೂಗುತ್ತದೆ. ಅರ್ಥ ಆಗಿ ಬರುವ ಕೂಗು ಅರೆಕ್ಷಣ ತಡವಾಗಿ ಬರುತ್ತದೆ.

ಸಾಲು ಮರೆತು ನಿಂತರೆ? ಉಸಿರೆಳೆದುಕೊಂಡು ಮತ್ತೆ ಹಿಡಿದರೆ ನಾನು ಜಾಸ್ತಿ ಕಡಿಯುವುದಿಲ್ಲ. ರೌಂಡನ್ನೇ ಕೈಬಿಟ್ಟರೆ ಆ ರೌಂಡ್ ಹೋಯಿತು, ಆದರೆ ಆ ಒಂದು ರೌಂಡ್ ಮಾತ್ರ. ಹಿಂದೆ ಗೆದ್ದದ್ದನ್ನು ಅದು ಅಳಿಸುವುದಿಲ್ಲ.

ಪ್ರತಿ ರೌಂಡ್ ಮುಗಿದಾಗಲೇ ಯಾರದು ಅಂತ ಬರೆದು ಹಾಳೆ ಮಡಚಿಡಿ. ಕೊನೆಯವರೆಗೂ ಕಾದರೆ ಮೂರನೇ ರೌಂಡಿನ ಕಾವು ಮೊದಲನೆಯದನ್ನು ನುಂಗಿಬಿಡುತ್ತದೆ. ಪಕ್ಕದ ಜಡ್ಜ್ ಮುಖ ನೋಡಬೇಡಿ. ವೋಟು ಹೇಳುವ ತನಕ ಅವರ ಹತ್ತಿರ ಮಾತೂ ಬೇಡ.

ಆಯೋಜಕರು ಹತ್ತಕ್ಕೆ ಅಂಕ ಹಾಕಿ ಕೂಡಿಸೋಣ ಅಂದರೆ ದಯವಿಟ್ಟು ಒಪ್ಪಬೇಡಿ. ಇಬ್ಬರು ಜಡ್ಜ್‌ಗಳು ಒಬ್ಬಳಿಗೆ 8, ಎದುರಾಳಿಗೆ 7 ಕೊಟ್ಟರು ಅಂತಿಟ್ಟುಕೊಳ್ಳಿ. ಮೂರನೆಯವರು ಅವಳಿಗೆ 4, ಅವನಿಗೆ 9 ಕೊಟ್ಟರು. ಮೊತ್ತ 20-23. ಮೂವರಲ್ಲಿ ಇಬ್ಬರ ಪ್ರಕಾರ ಗೆದ್ದವಳು ಸೋತಳು! 1985ರಲ್ಲಿ ನ್ಯೂಯಾರ್ಕಿನ ಸಂಗೀತ ಸಮ್ಮೇಳನ ನ್ಯೂ ಮ್ಯೂಸಿಕ್ ಸೆಮಿನಾರ್‌ನ ಬ್ಯಾಟಲ್‌ನಲ್ಲಿ ರ್‍ಯಾಪರ್ ರೊಕ್ಸಾನ್ ಶಾಂಟೆ ಅದೇ ಬಿಝಿ ಬೀ ಎದುರು ಸೋತಾಗ ಅವಳಿನ್ನೂ 15ರ ಹುಡುಗಿ. ಒಬ್ಬ ಜಡ್ಜ್ ಅವಳಿಗೆ ಕೊಟ್ಟ ಕಡಿಮೆ ಅಂಕದ ಬಗ್ಗೆ ಹಿಪ್‌ಹಾಪ್ ಮಂದಿ ಇವತ್ತಿಗೂ ಮಾತಾಡುತ್ತಾರೆ. ಅಂಕ ಬೇಡ. ಒಬ್ಬ ಜಡ್ಜ್‌ಗೆ ಒಂದು ವೋಟು, ಜಡ್ಜ್‌ಗಳ ಸಂಖ್ಯೆ ಬೆಸ. ಅಷ್ಟು ಸಾಕು.

ತೀರ್ಪು ಹೇಳುವಾಗ ಹೆಸರು ಕೂಗಿ ಕೂತುಬಿಡಬೇಡಿ. "ಮೊದಲ ರೌಂಡ್ ಅವನಿಗೆ, ಎರಡು ಮತ್ತು ಮೂರು ಅವಳಿಗೆ, ಎರಡನೆಯದನ್ನು ತಿರುಗಿಸಿದ್ದು ಬರೆ ಸಾಲು" ಅಂತ ಹೇಳಿ. ಸೋತವರಿಗೆ ಸಿಟ್ಟು ಬರಬಹುದು, ಜಗಳವೂ ಆಗಬಹುದು. ಆದರೆ ಆ ಜಗಳ ಒಂದು ಸಾಲಿನ ಬಗ್ಗೆ ಇರುತ್ತದೆ, ನಿಮ್ಮ ನಿಯತ್ತಿನ ಬಗ್ಗೆ ಅಲ್ಲ.

ತಪ್ಪಾಗಿದೆ ಅಂತ ಆಮೇಲೆ ಗೊತ್ತಾದರೆ ಇಬ್ಬರಿಗೂ ನೇರವಾಗಿ ಹೇಳಿ. ಫಲಿತಾಂಶ ಬದಲಾಯಿಸುವುದು ನಿಮ್ಮ ಕೈಲಿಲ್ಲ, ಗೆದ್ದವನ ಗೆಲುವನ್ನು ಕಿತ್ತುಕೊಳ್ಳುವುದೂ ಸರಿಯಲ್ಲ. ನಾನು ಮರುದಿನ ಮೊದಲು ಹುಡುಗನಿಗೆ ಫೋನ್ ಮಾಡಿದೆ, ಆಮೇಲೆ ಅವಳಿಗೆ. ಎರಡನೇ ರೌಂಡ್ ನಿನ್ನದಾಗಿತ್ತಮ್ಮ, ನನಗೆ ಕೇಳಿಸಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೊದಲನೇ ರೌಂಡೂ ಇನ್ನೊಂದ್ಸಲ ನೋಡಿ ಸರ್" ಅಂದಳು.

ನೋಡಿದೆ. ಅದು ಅವನದೇ.