ಮೊಲೆಯಲ್ಲಿ ಗಂಟು ಕಂಡ್ರೆ ಡಾಕ್ಟ್ರ ಹತ್ರ ಯಾವಾಗ ಹೋಗ್ಬೇಕು?

ನಮ್ಮ ದಾವಣಗೆರೆ ಕಡೆ ಹೆಣ್ಮಕ್ಕಳು ಮೊಲೆಯಲ್ಲಿ ಗಂಟು ಸಿಕ್ರೆ ಮೊದ್ಲು ನೋಡೋದು ನೋವು ಐತಾ ಇಲ್ವಾ ಅಂತ, ನೋವಿಲ್ಲ ಅಂದ್ರೆ ಅಲ್ಲಿಗೇ ಬಿಟ್ಟುಬಿಡ್ತಾರೆ. ಇದು ಉಲ್ಟಾ ಲೆಕ್ಕ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಬಹಳ ಸಲ ನೋಯೋದೇ ಇಲ್ಲ, ಮುಟ್ಟಿಗೆ ಮುಂಚೆ ಎರಡೂ ಕಡೆ ಭಾರ ಆಗಿ ನೋಯೋದು ಹೆಚ್ಚಾಗಿ ಹಾರ್ಮೋನಿಂದ. ಹಾಗಂತ ಗಾಬರಿ ಬೇಡ, ಗಂಟುಗಳಲ್ಲಿ ಹೆಚ್ಚಿನವು ನೀರುಗುಳ್ಳೆನೋ ಫೈಬ್ರೋಅಡೆನೋಮಾ ಅನ್ನೋ ಕ್ಯಾನ್ಸರ್ ಅಲ್ಲದ ಗಂಟೋ ಆಗಿರ್ತಾವೆ. ಆದ್ರೆ ಯಾವುದು ಯಾವುದು ಅಂತ ಮುಟ್ಟಿ ಹೇಳೋಕೆ ನಿಮಗೂ ಆಗಲ್ಲ, ಮನೆಯ ಹಿರಿಯರಿಗೂ ಆಗಲ್ಲ.

ಮೊದ್ಲು ಸರಿಯಾಗಿ ನೋಡ್ಕೊಳ್ರಿ. ಮುಟ್ಟು ಮುಗಿದು ಕೆಲವು ದಿನ ಆದ್ಮೇಲೆ ಕನ್ನಡಿ ಮುಂದೆ ನಿಂತು ಎರಡೂ ಕೈ ಮೇಲೆತ್ತಿ, ಎಲ್ಲಾದ್ರೂ ಚರ್ಮ ಒಳಗೆ ಎಳೆದಂಗೆ ಕುಳಿ ಬೀಳ್ತಾ ಅಂತ ನೋಡ್ರಿ, ಕೈ ಇಳಿಸಿದ್ರೆ ಅದು ಕಾಣಿಸದೇ ಇರಬಹುದು. ಆಮೇಲೆ ಮಲಗಿ, ನಡುವಿನ ಮೂರು ಬೆರಳಿನ ಮೆತ್ತನೆ ಭಾಗದಿಂದ ಸಣ್ಣ ಸಣ್ಣ ಸುತ್ತು ಹಾಕ್ತಾ ಕಾಲರ್ ಮೂಳೆಯಿಂದ ಕಂಕುಳದವರೆಗೂ ಮುಟ್ಟಿ ನೋಡ್ರಿ. ಚಿವುಟಿ ಹಿಡಿದ್ರೆ ಎಲ್ಲಾ ಗಂಟಿನ ಥರಾನೇ ಅನ್ಸುತ್ತೆ.

ಈಗ ನಿರ್ಧಾರ. ಹೊಸ ಗಟ್ಟಿ ಗಂಟು, ಕಂಕುಳಲ್ಲಿ ಗೆಡ್ಡೆ, ಮೊದಲು ಸರಿ ಇದ್ದ ತೊಟ್ಟು ಒಳಗೆ ಹೋಗಿರೋದು, ತೊಟ್ಟಿಂದ ರಕ್ತ, ಕಿತ್ತಳೆ ಸಿಪ್ಪೆ ಥರ ಚರ್ಮ, ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿ, ಇದರಲ್ಲಿ ಒಂದಿದ್ರೂ ಕಾಯಬೇಡ್ರಿ, ಈ ವಾರಾನೇ ಹೋಗ್ರಿ. ಮುಟ್ಟು ನಿಂತವರಿಗಂತೂ ಹೊಸ ಗಂಟು ಅಂದ್ರೆ ತೋರಿಸ್ಲೇಬೇಕು. ಇನ್ನೂ ಚಿಕ್ಕ ವಯಸ್ಸು, ಮುಟ್ಟಿಗೆ ಮುಂಚೆ ಬರೀ ಗಂಟುಗಂಟು ಅನ್ಸುತ್ತೆ ಅಂದ್ರೆ ಒಂದು ಮುಟ್ಟು ಕಳೆಯೋವರೆಗೆ ನೋಡಬಹುದು, ಹೋಗದಿದ್ರೆ ತೋರಿಸ್ರಿ. ಹಾಲುಣಿಸೋರಿಗೆ ಮೊಲೆ ಕೆಂಪಾಗಿ ಜ್ವರ ಬಂದ್ರೆ ಅದು ಸೋಂಕು ಇರಬಹುದು, ಡಾಕ್ಟ್ರು ಕೊಟ್ಟ ಮಾತ್ರೆ ಕೋರ್ಸ್ ಮುಗಿದ್ರೂ ಇಳಿದಿಲ್ಲ ಅಂದ್ರೆ ಬಾಣಂತಿ ಅಂತ ಸುಮ್ಮನಿರಬೇಡ್ರಿ. ಅಮ್ಮ, ಅಕ್ಕತಂಗಿ, ಅಪ್ಪನ ಕಡೆ ಅತ್ತೆ ಯಾರಿಗಾದ್ರೂ ಮೊಲೆ ಕ್ಯಾನ್ಸರ್ ಆಗಿದ್ರೆ ಅದನ್ನ ಡಾಕ್ಟ್ರಿಗೆ ಹೇಳ್ರಿ. ಗಂಡಸರಿಗೂ ಇದು ಬರುತ್ತೆ, ಕಮ್ಮಿ ಅಷ್ಟೇ.

ಹೋಗೋದು ಸರ್ಜರಿ ಒಪಿಡಿಗೆ, ಚಿಗಟೇರಿ ಜಿಲ್ಲಾಸ್ಪತ್ರೆ ಆಗಲಿ ಬಾಪೂಜಿ ಆಸ್ಪತ್ರೆ ಆಗಲಿ. ಚೀಟಿ ಮಾಡಿಸುವಾಗ ನಾಚದೆ ಮೊಲೆಯಲ್ಲಿ ಗಂಟು ಅಂತಾನೇ ಹೇಳ್ರಿ, ಬರೀ ಎದೆನೋವು ಅಂದ್ರೆ ಹೃದಯದ ಇಸಿಜಿ ಮಾಡಿಸೋಕೆ ಕಳಿಸಿಬಿಡಬಹುದು. ಲೇಡಿ ಡಾಕ್ಟ್ರು ಬೇಕು ಅಂತ ಕೇಳಬಹುದು, ನರ್ಸ್ ಜೊತೆಗಿರಲಿ ಅಂತಾನೂ ಕೇಳಬಹುದು. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಐತೆ.

ಡಾಕ್ಟ್ರು ಮುಟ್ಟಿ ನೋಡಿ, ವಯಸ್ಸು ಕಮ್ಮಿ ಇದ್ರೆ ಸ್ಕ್ಯಾನಿಂಗ್, 40 ದಾಟಿದ್ರೆ ಹೆಚ್ಚಾಗಿ ಮ್ಯಾಮೊಗ್ರಾಮ್ ಅಂದ್ರೆ ಮೊಲೆಯ ಎಕ್ಸ್‌ರೇ ಬರೀತಾರೆ, ಅನುಮಾನ ಇದ್ರೆ ಬಯಾಪ್ಸಿ, ಅಂದ್ರೆ ಸೂಜಿ ಹಾಕಿ ಗಂಟಿನ ಸಣ್ಣ ಚೂರು ತೆಗೆದು ಪರೀಕ್ಷೆ. ಸೂಜಿ ಹಾಕಿದ್ರೆ ಹರಡುತ್ತೆ ಅಂತ ಅಕ್ಕಪಕ್ಕದವರು ಹೇಳೋ ಮಾತು ಕೇಳಿ ಎಷ್ಟೋ ಜನ ಬಯಾಪ್ಸಿ ಬಿಟ್ಟು ಬರ್ತಾರೆ, ದಯವಿಟ್ಟು ಹಾಗೆ ಮಾಡಬೇಡ್ರಿ, ಆ ಭಯಕ್ಕೆ ಆಧಾರ ಇಲ್ಲ, ಗಂಟು ಏನು ಅಂತ ಖಚಿತ ಆಗೋದೇ ಅದರಿಂದ. ರಿಪೋರ್ಟ್ ನಾರ್ಮಲ್ ಬಂದ್ರೂ ಗಂಟು ಬೆಳೀತಾ ಐತೆ ಅನ್ಸಿದ್ರೆ ಹಳೇ ರಿಪೋರ್ಟು, ಫಿಲ್ಮು ತಗೊಂಡು ಮತ್ತೆ ಹೋಗ್ರಿ.