ಟರ್ಕಿ ಶಿಕಾರಿ: ಒಂಬತ್ತು ಗಂಟೆಯ ಮೇಲೆ

ಟರ್ಕಿ ಕೋಳಿಯ ಶಿಕಾರಿ ಅಂದರೆ ಬೆಳಗಿನ ಜಾವದ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಕತ್ತಲಲ್ಲೇ ಗುಡ್ಡ ಹತ್ತಬೇಕು, ಹುಂಜ ಮರದಿಂದ ಇಳಿಯುವ ಹೊತ್ತಿಗೆ ಕೋವಿ ಹಿಡಿದು ಕೂತಿರಬೇಕು. ನಾನೂ ಹಾಗೇ ಹೋಗುತ್ತೇನೆ. ಆದರೆ ನನಗೆ ಹಕ್ಕಿ ಸಿಕ್ಕಿರುವುದು ಬಹುಪಾಲು ಒಂಬತ್ತು ಗಂಟೆಯ ಮೇಲೆ. ಅಷ್ಟು ಹೊತ್ತಿಗೆ ಉಳಿದವರು ಬೇಸತ್ತು ಗಾಡಿ ಹತ್ತಿ ತಿಂಡಿಗೆ ಹೋಗಿರುತ್ತಾರೆ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಹ್ಯಾರಿಸ್‌ಬರ್ಗ್ ಹತ್ತಿರ. ಹೋಗುವುದು ಟಸ್ಕರೋರಾ ಸ್ಟೇಟ್ ಫಾರೆಸ್ಟಿಗೆ. ಓಕ್ ಮರಗಳ ಉದ್ದುದ್ದ ಗುಡ್ಡದ ಸಾಲು, ನಡುವೆ ಹಳೇ ನಾಟಾ ಸಾಗಿಸಿದ ದಾರಿಗಳು. ಊರು ಮೂಡಿಗೆರೆ ಕಡೆ. ಅಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿ ಮುಗಿದ ಕತೆ. ಅಜ್ಜ ಹೇಳುತ್ತಿದ್ದ ಹಂದಿ ಶಿಕಾರಿಯ ಪ್ರಸಂಗಗಳನ್ನು ಕೇಳಿ ಬೆಳೆದವನು ನಾನು, ಕೋವಿ ಮುಟ್ಟಿದವನಲ್ಲ. ಕಲಿತದ್ದೆಲ್ಲ ಇಲ್ಲೇ. ಮೊದಲು ಸರ್ಕಾರದ ಶಿಕಾರಿ ತರಬೇತಿ ಮುಗಿಸಿ ಲೈಸೆನ್ಸ್ ತಗೊಂಡೆ. ಆಮೇಲೆ ಪಕ್ಕದ ಮನೆಯ ವಯಸ್ಸಾದ ಬಡಗಿಯೊಬ್ಬರ ಹಿಂದೆ ಬಿದ್ದೆ.

ಇಲ್ಲಿ ವಸಂತದ ಸೀಸನ್ ಶುರುವಾಗುವುದು ಮೇ ಒಂದನೇ ತಾರೀಕಿಗೆ ಹತ್ತಿರದ ಶನಿವಾರ. ಮೊದಲ ಎರಡು ವಾರ ಮಧ್ಯಾಹ್ನ ಹನ್ನೆರಡಕ್ಕೇ ಕೋವಿ ಇಳಿಸಬೇಕು. ಮೊಟ್ಟೆ ಇಡುವ ಹೇಂಟೆಗಳಿಗೆ ತೊಂದರೆ ಆಗಬಾರದು ಅಂತ ಈ ನಿಯಮ. ಎದೆಯ ಮೇಲೆ ಗಡ್ಡ ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಗಡ್ಡ ಅಂದರೆ ಕೂದಲಿನಂಥ ಗರಿಗಳ ಗೊಂಚಲು, ಹುಂಜಕ್ಕೆ ಬರುವಂಥದ್ದು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಏನೆಂದರೆ, ಹಕ್ಕಿಯ ಹಿಂದೆ ಕದ್ದು ಹೋಗುವಂತಿಲ್ಲ. ಕೂಗಿ ಕರೆದು ಹತ್ತಿರ ಬರಿಸಿಕೊಂಡೇ ಹೊಡೆಯಬೇಕು. ಇದರ ಹಿಂದಿನ ಕಾರಣ ತುಂಬಾ ಸರಳ. ಕಾಡಿನಲ್ಲಿ ಟರ್ಕಿಯ ಹಾಗೆ ಕೂಗುತ್ತಿರುವುದು ಇನ್ನೊಬ್ಬ ಶಿಕಾರಿಯೂ ಇರಬಹುದಲ್ವಾ?

ಕಷ್ಟ ಇರುವುದು ಈ ಕರೆಯುವುದರಲ್ಲೇ. ಟರ್ಕಿಗಳ ರೂಢಿಯಲ್ಲಿ ಹುಂಜ ಹೇಂಟೆಯನ್ನು ಹುಡುಕಿಕೊಂಡು ಹೋಗುವುದು ಕಡಿಮೆ. ಅದು ಒಂದು ಕಡೆ ನಿಂತು ‘ಗಬಳ ಗಬಳ’ ಅಂತ ಕೂಗುತ್ತದೆ, ಬಾಲ ಬಿಚ್ಚಿ ಮೆರೆಯುತ್ತದೆ. ಹೇಂಟೆಗಳೇ ಅದರ ಹತ್ತಿರ ಹೋಗುತ್ತವೆ. ನಾವು ಮರದ ಬುಡದಲ್ಲಿ ಕೂತು ಹೇಂಟೆಯ ದನಿ ಮಾಡಿ ‘ನೀನೇ ಬಾ’ ಅಂದರೆ ಅದಕ್ಕೆ ಅದು ತಿರುಗಾಮುರುಗಾ ವ್ಯವಹಾರ. ಬೆಳಗಿನ ಜಾವ ಅದರ ಸುತ್ತ ನಿಜವಾದ ಹೇಂಟೆಗಳೇ ಇರುವಾಗ ನಮ್ಮನ್ನು ಯಾಕೆ ಕೇಳುತ್ತದೆ? ನಾವು ಕೂಗುತ್ತೇವೆ, ಅದು ಉತ್ತರ ಕೊಡುತ್ತದೆ, ಕೊಡುತ್ತಲೇ ಆಚೆ ಗುಡ್ಡಕ್ಕೆ ಹೋಗಿಬಿಡುತ್ತದೆ.

ಬಿಸಿಲು ಏರಿದ ಮೇಲೆ ಲೆಕ್ಕ ಬೇರೆ. ಹೇಂಟೆಗಳು ಒಂದೊಂದಾಗಿ ಮೊಟ್ಟೆ ಇಡಲು ಜಾರಿಕೊಳ್ಳುತ್ತವೆ. ಸುಮಾರು ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಆದ ಮೇಲೆ 28 ದಿನ ಕಾವು ಕೂರುತ್ತವೆ. ಆಗ ಹುಂಜ ಒಂಟಿ. ಬೆಳಿಗ್ಗೆ ಯಾವುದೋ ಮೂಲೆಯಿಂದ ಒಂದು ಹೇಂಟೆ ಕೂಗಿತ್ತು ಅನ್ನುವುದು ಅದಕ್ಕೆ ನೆನಪಿರುತ್ತದೆ ಅಂತ ನಮ್ಮ ಬಡಗಿಯವರ ನಂಬಿಕೆ. ನೆನಪೋ ಕಾಕತಾಳೀಯವೋ, ಬೆಳಿಗ್ಗೆ ಕೂಗಿದ ಜಾಗಕ್ಕೇ ಹತ್ತು ಗಂಟೆಗೆ ಹುಂಜ ಬಂದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಬಳಸುವುದು ಸ್ಲೇಟ್ ಕಾಲ್. ಅಂಗೈಯಗಲದ ದುಂಡು ಬಟ್ಟಲು, ಅದರ ಮೇಲೆ ಸ್ಲೇಟು ಕಲ್ಲಿನ ತಟ್ಟೆ, ಉಜ್ಜಲು ಒಂದು ಮರದ ಕಡ್ಡಿ. ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿದು, ತುದಿ ಎತ್ತದೆ ಸಣ್ಣ ಸಣ್ಣ ಮೊಟ್ಟೆಯಾಕಾರ ಬರೆದರೆ ಹೇಂಟೆಯ ಕೂಗು ಬರುತ್ತದೆ. ತುದಿ ಒತ್ತಿ ಸ್ವಲ್ಪವೇ ಜಾರಿಸಿದರೆ ‘ಟಕ್’ ಅನ್ನುವ ಸಣ್ಣ ಸದ್ದು. ಕಲ್ಲು ಒದ್ದೆಯಾದರೆ ದನಿ ಸತ್ತಂತೆ. ಅದಕ್ಕೇ ಜೇಬಿನಲ್ಲಿ ಸಣ್ಣ ಉಪ್ಪುಕಾಗದದ ಚೂರು, ಮಂಜು ಬಿದ್ದ ದಿನಕ್ಕೆ ಗಾಜಿನ ತಟ್ಟೆಯದು ಇನ್ನೊಂದು. ಬಾಯಲ್ಲಿ ಇಟ್ಟುಕೊಳ್ಳುವ ರಬ್ಬರಿನ ಕಾಲ್ ಇದ್ದರೆ ಎರಡೂ ಕೈ ಬಿಡುವಾಗಿರುತ್ತದೆ, ನಿಜ. ನನಗೆ ಅದು ಹಾಕಿದರೆ ಬರೀ ಓಕರಿಕೆ.

ಯೂಟ್ಯೂಬಿನಲ್ಲಿ ನೋಡಿದವರು ಒಂದೇ ಸಮ ಕೂಗುತ್ತಾರೆ. ನಾನು ಅರ್ಧ ಗಂಟೆಗೆ ಒಂದು ಸಲ, ನಾಲ್ಕೈದು ಕೂಗು, ಅಷ್ಟೇ. ಹುಂಜ ಉತ್ತರ ಕೊಟ್ಟು ಹತ್ತಿರ ಬರುತ್ತಿದೆ ಅನ್ನಿಸಿದರೆ ಅದೂ ಬಂದ್. ಆಮೇಲೆ ಕೈಯಲ್ಲಿ ತರಗೆಲೆ ಕೆದರುವುದು ಮಾತ್ರ: ಒಂದು ಸಲ ಪರಕ್, ಬೆನ್ನಿಗೇ ಎರಡು ಸಲ ಪರಕ್ ಪರಕ್, ಆಮೇಲೆ ಸುಮ್ನೆ. ಹೇಂಟೆ ಇಲ್ಲೇ ಮೇಯುತ್ತಿದೆ, ಆದರೆ ಬರಲೊಲ್ಲೆ ಅನ್ನುತ್ತಿದೆ ಅಂತ ಅದಕ್ಕೆ ಅನ್ನಿಸಬೇಕು. ಆಗ ಹುಂಜನಿಗೆ ತಡೆಯುವುದಿಲ್ಲ.

ಕೂರುವ ಜಾಗ ಆರಿಸುವುದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ. ಹೆಗಲಿಗಿಂತ ಅಗಲದ ಮರಕ್ಕೆ ಬೆನ್ನು ಕೊಡಬೇಕು. ಆಕಾರ ಕಾಣುವುದಿಲ್ಲ, ಹಿಂದಿನಿಂದ ಯಾರಾದರೂ ಗುಂಡು ಹಾರಿಸಿದರೆ ಮರ ಕಾಯುತ್ತದೆ. ದಾರಿಯ ತಿರುವು ಅಥವಾ ದಿಬ್ಬದ ಅಂಚು ಒಳ್ಳೆಯದು. ಹೇಂಟೆ ಎಲ್ಲಿದೆ ಅಂತ ನೋಡಲು ಹುಂಜ ಕತ್ತು ಚಾಚಿದ ಜಾಗವೇ ಈಡಿನ ಅಳತೆಯೊಳಗೆ ಇರಬೇಕು. ಬಯಲಲ್ಲಿ ಕೂತರೆ ನೂರು ಗಜದಿಂದಲೇ ನೋಡಿ, ಹೇಂಟೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ವಾಪಸ್. ಇದಕ್ಕೆ ಮೂಗು ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಭಯಂಕರ. ಮುಖಕ್ಕೆ ಬಲೆ, ಕೈಗೆ ಗ್ಲೌಸ್ ಬೇಕೇ ಬೇಕು. ಕೆಂಪು, ಬಿಳಿ, ನೀಲಿ ಬಟ್ಟೆ ಒಂದು ಎಳೆಯೂ ಬೇಡ, ಕಾಲುಚೀಲ ಕೂಡ. ಹುಂಜದ ತಲೆ ಅದೇ ಮೂರು ಬಣ್ಣ.

ಹೋದ ವರ್ಷದ ಹಕ್ಕಿ ಬಂದಿದ್ದು ಹೀಗೆ. ಬೆಳಿಗ್ಗೆ ಕಣಿವೆಯ ಆಚೆ ಸಾಕಷ್ಟು ಕೂಗಿ ಸುಮ್ಮನಾಗಿತ್ತು. ಒಂಬತ್ತೂವರೆಗೆ ಒಂದು ಸಲ ಕೂಗಿದೆ, ಉತ್ತರವಿಲ್ಲ. ಹೀಗೆ ಸುಮ್ಮನಿರುವ ಹುಂಜವೇ ಸದ್ದಿಲ್ಲದೆ ಬರುವುದು. ಅದಕ್ಕೇ ಕೋವಿಯನ್ನು ಮೊಣಕಾಲ ಮೇಲೆ ಏರಿಸಿಯೇ ಇಟ್ಟಿದ್ದೆ. ಎಷ್ಟೋ ಹೊತ್ತಿನ ಮೇಲೆ ಬಲಗಡೆಯಿಂದ ‘ಚಿಕ್’ ಅಂತ ಉಗುಳಿದ ಹಾಗೊಂದು ಸದ್ದು, ಅದರ ಹಿಂದೆಯೇ ದೂರದಲ್ಲಿ ಗಿರಣಿ ಚಾಲೂ ಆದಂತೆ ಸಣ್ಣ ಗುಡುಗುಡು. ಕಿವಿಗಿಂತ ಎದೆಗೇ ಮೊದಲು ತಿಳಿಯಿತು. ಹುಂಜ ಗರಿ ಉಬ್ಬಿಸಿ ಮೆರೆಯುವಾಗ ಬರುವ ಸದ್ದು ಇದು, ಹತ್ತಿರ ಇದ್ದರೆ ಮಾತ್ರ ಕೇಳುತ್ತದೆ. ತಿರುಗುವ ಹಾಗಿಲ್ಲ. ಕಣ್ಣಷ್ಟೇ ಹೊರಳಿಸಿದೆ. ಜರಿಗಿಡಗಳ ಮೇಲೆ ಬೆಳ್ಳನೆಯ ನೆತ್ತಿ, ಕೆಳಗೆ ನೀಲಿ ಕೆನ್ನೆ. ಅದು ಒಂದು ದಪ್ಪ ಓಕ್ ಮರದ ಹಿಂದೆ ಹೋದ ಗಳಿಗೆಯಲ್ಲಿ ಕೋವಿಯನ್ನು ಆ ಕಡೆ ಸರಿಸಿದೆ. ಮರ ದಾಟಿ ಬಂದು ಗರಿ ಇಳಿಸಿ ಕತ್ತು ನೆಟ್ಟಗೆ ಮಾಡಿತು. ಮೂವತ್ತು ಗಜ ಇದ್ದೀತು. ಕತ್ತಿನ ಬುಡಕ್ಕೆ ಗುರಿ ಇಟ್ಟು ಈಡು ಹಾರಿಸಿದೆ.

ಗರಿ ಉಬ್ಬಿಸಿ ನಿಂತಾಗ ಹೊಡೆಯಬಾರದು. ತಲೆ ಮೈಗೆ ಅಂಟಿಕೊಂಡಿರುತ್ತದೆ, ಚರೆ ಎದೆಗೆ ಬಿದ್ದು ಹಕ್ಕಿ ಗಾಯಗೊಂಡು ಓಡುತ್ತದೆ. ಸೀಸನ್ನಿಗೆ ಮುಂಚೆ ಕಾಗದದ ಗುರಿಗೆ ಮೂವತ್ತು, ನಲವತ್ತು ಗಜದಿಂದ ಹೊಡೆದು ಚರೆ ಹೇಗೆ ಹರಡುತ್ತದೆ ಅಂತ ನೋಡಿಕೊಳ್ಳುವುದು ನನ್ನ ಪದ್ಧತಿ. ಕೋವಿ ಹನ್ನೆರಡು ಬೋರಿನದು. ನಲವತ್ತರ ಆಚೆ ಹುಂಜ ಎಷ್ಟೇ ಮೆರೆಯಲಿ, ಬೆರಳು ಅಲ್ಲಾಡಿಸುವುದಿಲ್ಲ.

ಬಿದ್ದ ಹಕ್ಕಿಗೆ ಅಲ್ಲೇ, ಎತ್ತುವ ಮೊದಲೇ, ಟ್ಯಾಗ್ ಕಟ್ಟಬೇಕು. ಹೊತ್ತು ತರುವಾಗ ಕಿತ್ತಳೆ ಬಣ್ಣದ ಬಟ್ಟೆ ಸುತ್ತುತ್ತೇನೆ. ಹೆಗಲ ಮೇಲೆ ಜೋಲುವ ಟರ್ಕಿ ಕಂಡರೆ ಯಾರಿಗಾದರೂ ಕೈ ಚುರುಗುಟ್ಟೀತು. ಕೂತಿರುವಾಗ ಇನ್ನೊಬ್ಬ ಶಿಕಾರಿ ಹತ್ತಿರ ಬಂದರೆ ಕೈ ಬೀಸಬಾರದು, ಗಟ್ಟಿಯಾಗಿ ಮಾತಾಡಬೇಕು.

ಮನೆಗೆ ಬಂದವನು ಮೊದಲು ಮಾಡುವುದು ಉಣುಗು ಹುಡುಕುವುದು. ಮಂಗನ ಕಾಯಿಲೆಯ ಸೀಮೆಯಿಂದ ಬಂದವನಿಗೆ ಉಣುಗು ಹೊಸದಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ, ಪೆನ್ಸಿಲ್ವೇನಿಯಾದಲ್ಲಿ ಅದು ಬಹಳ. ಬಟ್ಟೆಗೆ ಮುಂಚೆಯೇ ಪರ್ಮೆತ್ರಿನ್ ಹೊಡೆದು ಒಣಗಿಸಿರುತ್ತೇನೆ, ಆದರೂ ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ನೋಡದೆ ಬಿಡುವುದಿಲ್ಲ.

ಅಡುಗೆಗೆ ಅಂಗಡಿಯ ಟರ್ಕಿಯ ಲೆಕ್ಕ ಹಿಡಿಯಬೇಡಿ. ಕಾಡಿನದಕ್ಕೆ ಕೊಬ್ಬಿಲ್ಲ, ಇಡಿಯಾಗಿ ಓವನ್ನಿಗೆ ಹಾಕಿದರೆ ಒಣಗಿ ಹೋಗುತ್ತದೆ. ಎದೆ ಮಾಂಸವನ್ನು ತೆಳ್ಳಗೆ ಕೊಯ್ದು ಮೆಣಸು, ಉಪ್ಪು ಹಾಕಿ ಬಾಣಲೆಯಲ್ಲಿ ಎರಡು ನಿಮಿಷ ಹುರಿದರೆ ಸಾಕು. ಓಡಾಡಿ ಗಟ್ಟಿಯಾದ ಕಾಲುಗಳೊಳಗೆ ಕಡ್ಡಿಯಂಥ ನರಗಳು. ಅವು ಕುಕ್ಕರಿಗೇ. ಊರಿನ ಕೋಳಿ ಸಾರಿನ ಮಸಾಲೆ, ನಾಟಿ ಕೋಳಿಗೆ ಕೂಗಿಸುವುದರ ಎರಡರಷ್ಟು ಸೀಟಿ, ಆಮೇಲೆ ನರ ಎಳೆದು ತೆಗೆದು ಮತ್ತೆ ಒಂದು ಕುದಿ. ಅಕ್ಕಿ ತರಿಯ ಕಡುಬಿನ ಜೊತೆ ಬಡಗಿಯವರಿಗೂ ಕೊಟ್ಟೆ. ಕಡುಬು ಇನ್ನೆರಡು ಕೇಳಿ ಹಾಕಿಸಿಕೊಂಡರು. ಕತ್ತಿನ ಹತ್ತಿರದ ತುಂಡು ತಿನ್ನುವಾಗ ಮಾತ್ರ ಮೆಲ್ಲಗೆ ಅಗಿಯಿರಿ, ಚರೆ ಹಲ್ಲಿಗೆ ಸಿಗುತ್ತದೆ.